ನೀರುಕಾಗೆಯ ಮೇಲೆ ನಾನು ಬರೆದ ದೂರು

ಕಳೆದ ತಿಂಗಳು ಚೈತ್ರಾ ಎಂಬ ಹುಡುಗಿ ಆರ್.ಟಿ. ನಗರದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ನಾನು ಮೂವತ್ತು ಚಿಲ್ಲರೆ ವರ್ಷ ದುಡಿದ ಮೀನುಗಾರಿಕೆ ಕಚೇರಿಗೆ ಹೊಸದಾಗಿ ಸೇರಿದವಳು. ಚಹಾ ಕುಡಿಯುತ್ತ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾವುದೋ ಚಳಿದೇಶದ ಸಮುದ್ರ. ಅಲ್ಲಿ ಸೀಲ್ ಎಂಬ ಮೀಸೆಯ ಪ್ರಾಣಿ. ದೊಡ್ಡ ದೋಣಿಗಳು ಬಲೆ ಹಾಕುವ ಜಾಗದಲ್ಲೇ ಅದೂ ಹೊಟ್ಟೆ ಹೊರೆಯುತ್ತದೆ. ದೋಣಿಯವರು ಸೀಲನ್ನು ಕಳ್ಳ ಅನ್ನುತ್ತಾರೆ, ಸೀಲನ್ನು ಇಷ್ಟಪಡುವವರು ದೋಣಿಯವರನ್ನು ಕಳ್ಳರು ಅನ್ನುತ್ತಾರೆ.

"ಮೇಡಂ, ನಮ್ಮ ಕೆರೆಗಳಲ್ಲೂ ಹಿಂಗೇನಾದ್ರೂ ಇತ್ತಾ?" ಅಂತ ಕೇಳಿದಳು.

"ಇತ್ತಾ ಅಂತೀಯಲ್ಲ, ನನ್ನ ಅರ್ಧ ಸರ್ವೀಸು ಅದರಲ್ಲೇ ಹೋಯ್ತು ಕಣಮ್ಮ," ಅಂದೆ. ಹಾಗಿದ್ದರೆ ಬರೆದುಕೊಡಿ ಎಂದು ಗಂಟುಬಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ಬೀಳ್ಕೊಡುಗೆ, ಶಾಲು, ಹಾರ ಇದರಲ್ಲಿ ಸಿಗುವುದಿಲ್ಲ. ಅವು ಎಲ್ಲರಿಗೂ ಆಗುತ್ತವೆ, ಅದರಿಂದ ಯಾರೂ ಏನೂ ಕಲಿಯುವುದಿಲ್ಲ.

ನಾನು ಸಮುದ್ರ ನೋಡಿದ್ದೇ ಜೀವಮಾನದಲ್ಲಿ ಮೂರು ಸಲ, ಮೂರು ಸಲವೂ ದಡದಲ್ಲೇ ನಿಂತು. ನನ್ನ ಪಾಲಿಗೆ ಬಂದ ಸೀಲ್ ಕಪ್ಪಗಿತ್ತು, ಹಾರುತ್ತಿತ್ತು, ನೀರಿನಿಂದ ಎದ್ದು ಬಂದು ಕಲ್ಲಿನ ಮೇಲೆ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತಿತ್ತು. ಅದರ ಹೆಸರು ನೀರುಕಾಗೆ.

ಈ ಕೆಲಸಕ್ಕೆ ಸೇರಿದಾಗ ನಮ್ಮ ಅಮ್ಮಿ ಮೂರು ದಿನ ಅತ್ತಿದ್ದರು. ಮೀನಿನ ವಾಸನೆ ಹೊಡೆಯುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂಬುದು ಅವರ ಚಿಂತೆ. ಮೀನೆಂದರೆ ಪ್ರಾಣ ಬಿಡುವ ಮನುಷ್ಯರೇ ಸಿಕ್ಕಿದರು, ಆ ಮಾತು ಬೇರೆ. ನನಗೆ ಕೊಟ್ಟ ಕೆರೆಗಳು ಅಬ್ಬಿಗೆರೆಯ ಆಚೆ, ಹೆಸರಘಟ್ಟದ ಸುತ್ತಮುತ್ತ. ಅವುಗಳಲ್ಲಿ ಒಂದು ಕೆರೆಯ ಕಥೆ ಇದು. ಹೆಸರು ಬೇಡ, ಈಗ ಅದರ ಸುತ್ತ ಮನೆ ಕೊಂಡವರಿಗೆ ಬೇಜಾರಾದೀತು. ಆಗ ಅದರ ಸುತ್ತ ರಾಗಿ ಹೊಲ, ದನದ ಕೊಟ್ಟಿಗೆ, ಏರಿಯ ಕೆಳಗೆ ಬೆಸ್ತರ ಹತ್ತಾರು ಮನೆ. ಅವರದೊಂದು ಸಂಘ, ಕೆರೆಯ ಮೀನಿನ ಗುತ್ತಿಗೆ ಆ ಸಂಘದ್ದು. ಸರ್ಕಾರದ ಮೀನುಮರಿ ತಂದು ಕೆರೆಗೆ ಬಿಡುವುದು, ಅವು ಬೆಳೆದದ್ದು ನೋಡುವುದು, ವರದಿ ಬರೆಯುವುದು ನನ್ನ ಕೆಲಸ.

ಸಂಘದ ಅಧ್ಯಕ್ಷ ಮುನಿಯಪ್ಪ. ಎತ್ತರದ ಆಳು, ಮಾತು ಕಡಿಮೆ. ಅವರ ತಮ್ಮ ಕೆಂಪಣ್ಣ ಹರಿಗೋಲು ಹುಟ್ಟು ಹಾಕುವವರು, ಇಡೀ ಕೆರೆಗೆ ಆಗುವಷ್ಟು ಮಾತು ಅವರೊಬ್ಬರದೇ. ಮುನಿಯಪ್ಪನವರ ಹೆಂಡತಿ ಗಂಗಮ್ಮ ಏರಿಯ ಮೇಲೆ ಈಳಿಗೆಮಣೆ ಹಾಕಿಕೊಂಡು ಮೀನು ಕೊಯ್ದು ಮಾರುತ್ತಿದ್ದರು.

ಮೊದಲ ವರ್ಷವೇ ನನ್ನ ಮಾನ ಹೋಯಿತು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬೆರಳುದ್ದದ ಕಾಟ್ಲಾ ಮರಿಗಳನ್ನು ಜೀಪಿನಲ್ಲಿ ತಂದಿದ್ದೆ. ಮಧ್ಯಾಹ್ನದ ಹೊತ್ತು. ಮುನಿಯಪ್ಪ ತೂಬಿನ ಕಲ್ಲಿನ ಕಡೆ ಕೈ ತೋರಿಸಿ, "ಮೇಡಮ್ನೋರೆ, ಸಂಜೆ ಬಿಡಾನ. ಈಗ ಅವು ಕುಂತವೆ," ಅಂದರು. ಕಲ್ಲಿನ ಮೇಲೆ ನೀರುಕಾಗೆಗಳ ಸಾಲು. ಜೀಪು ಮೂರು ಗಂಟೆಗೆ ವಾಪಸ್ ಹೋಗಬೇಕು ಅಂದೆ ನಾನು. ಓದಿದವಳ ಗತ್ತು ಬೇರೆ ಇತ್ತು. ಅಷ್ಟೂ ಚೀಲಗಳನ್ನು ಒಂದೇ ಜಾಗದಲ್ಲಿ, ತೂಬಿನ ಪಕ್ಕದಲ್ಲೇ ಬಿಚ್ಚಿಸಿದೆ. ಮರಿಗಳು ಹೊಸ ನೀರಿಗೆ ಕಕ್ಕಾಬಿಕ್ಕಿಯಾಗಿ ಗುಂಪುಗೂಡಿ ನಿಂತವು. ನೀರುಕಾಗೆಗಳು ಒಂದೊಂದಾಗಿ ನೀರಿಗಿಳಿದು, ಸಾಲು ಕಟ್ಟಿ, ಅವುಗಳನ್ನು ದಡಕ್ಕೆ ಒತ್ತಿಕೊಂಡು ಬಂದು ಮುಳುಗತೊಡಗಿದವು. ನಾನು ಚಪ್ಪಲಿ ಎಸೆದೆ. ಅದು ತೇಲಿಕೊಂಡು ಹೋಯಿತು.

"ಬುಡಿ ಮೇಡಮ್ನೋರೆ, ಅವುಕ್ಕೂ ಒಂದಿನ ಸರ್ಕಾರಿ ಊಟ," ಅಂದರು ಕೆಂಪಣ್ಣ. ಏರಿಯ ಮೇಲಿದ್ದವರೆಲ್ಲ ನಕ್ಕರು. ಒಂಟಿ ಚಪ್ಪಲಿಯಲ್ಲಿ ಜೀಪು ಹತ್ತಿದೆ. ಅವತ್ತಿನಿಂದ ಆ ಹಕ್ಕಿಯ ಮೇಲೆ ನನಗೊಂದು ಹಗೆ ಹುಟ್ಟಿತು. ತಪ್ಪು ನನ್ನದಾದರೂ ಕೋಪ ಹಕ್ಕಿಯ ಮೇಲೆ.

ಮರುವರ್ಷ ಮುನಿಯಪ್ಪನವರ ಬಲೆಯಲ್ಲಿ ಅರ್ಧ ತಿಂದ ಮೀನುಗಳು ಬರತೊಡಗಿದವು. ಇಳಿಸಂಜೆಗೆ ಬಲೆ ಕಟ್ಟಿ ಬೆಳಿಗ್ಗೆ ಎತ್ತಿದರೆ, ಒಳ್ಳೊಳ್ಳೆ ಕಾಟ್ಲಾಗಳ ಹೊಟ್ಟೆ ಇಲ್ಲ, ಕೆಲವಕ್ಕೆ ಬಾಲ ಇಲ್ಲ. ಸಂಘದವರು ಕಚೇರಿಗೆ ಬಂದು ದೂರಿದರು. ನಾನು ಕ್ಯಾಮೆರಾ ಹಿಡಿದು ಹೋದೆ. ಏರಿಯ ಮೇಲೆ ಆ ಮೀನುಗಳನ್ನು ಸಾಲಾಗಿ ಮಲಗಿಸಿದ್ದರು, ಹಿಂದುಗಡೆ ಕಲ್ಲಿನ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿ ಕೂತಿದ್ದವು. ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿದೆ. ನನಗೆ ಬೇಕಾದ್ದು ಸಿಕ್ಕಿತ್ತು.

ಆರು ಪುಟದ ವರದಿ ಬರೆದೆ. ಭಾಷೆ ಬಹಳ ಚೆನ್ನಾಗಿತ್ತು, ಈಗ ನೆನೆದರೂ ನಾಚಿಕೆಯಾಗುತ್ತದೆ. ಕೊನೆಯ ಸಾಲು ಇದು: "ಈ ಕೆರೆಯಲ್ಲಿ ಮೀನುಭಕ್ಷಕ ಪಕ್ಷಿಗಳು ಮತ್ತು ಮೀನುಗಾರಿಕೆ ಒಟ್ಟಿಗೆ ಸಾಗಲು ಸಾಧ್ಯವಿಲ್ಲ." ನಮ್ಮ ಸಾಹೇಬರು ಕೆರೆಯನ್ನು ನಕ್ಷೆಯಲ್ಲಿ ಮಾತ್ರ ನೋಡಿದವರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಭೇಷ್ ಅಂದು ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಮೇಲಿನವರೂ ಸಹಿ ಹಾಕಿದರು. ಆ ವರ್ಷದಿಂದ ಸಂಘಕ್ಕೆ ಹಕ್ಕಿ ಓಡಿಸಲು ಪಟಾಕಿ ಮಂಜೂರಾಯಿತು, ನಷ್ಟ ತುಂಬಲು ಮೀನುಮರಿಯೂ ಹೆಚ್ಚಿಗೆ ಬಂತು.

ಪಟಾಕಿಯ ಸದ್ದಿಗೆ ಎರಡು ಮಳೆಗಾಲದೊಳಗೆ ಕೆರೆ ಹಕ್ಕಿಗಳಿಲ್ಲದೆ ಬರಿದಾಯಿತು. ಚೀಲದಂಥ ಕೊಕ್ಕಿನ ಹೆಜ್ಜಾರ್ಲೆಗಳು ಯಲಹಂಕದ ಕಡೆ ಹೋದವು, ನೀರುಕಾಗೆಗಳು ಎಲ್ಲಿ ಹೋದವೋ. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಬಲೆಯಲ್ಲಿ ಜಿಲೇಬಿ ಬರತೊಡಗಿತು. ತಿನ್ನುವ ಜಿಲೇಬಿಯಲ್ಲ. ಯಾರೋ ಎಂದೋ ಕೆರೆಗೆ ಬಿಟ್ಟ, ಅಂಗೈಯಗಲಕ್ಕಿಂತ ದೊಡ್ಡದಾಗದ, ಸದಾ ಮರಿ ಹಾಕುತ್ತಲೇ ಇರುವ ಮೀನು ಅದು. ಬಲೆ ತುಂಬ ಅದೇ. ಕಾಟ್ಲಾ ಸಿಕ್ಕರೂ ತಲೆ ದಪ್ಪ, ಮೈ ಒಣಕಲು. ಹೊಟ್ಟೆಗಿಲ್ಲದ ಮೀನು ಹಾಗಿರುತ್ತದೆ. ಅದರ ಮೇವನ್ನು ಜಿಲೇಬಿ ಮುಗಿಸುತ್ತಿತ್ತು. ಇಷ್ಟಾದರೂ ಅರ್ಧ ತಿಂದ ಮೀನು ಬರುವುದು ನಿಂತಿರಲಿಲ್ಲ.

ಒಂದು ದಿನ ಗಂಗಮ್ಮ ಅಂಥದೊಂದು ಮೀನನ್ನು ಈಳಿಗೆಗೆ ಒಡ್ಡುತ್ತಿದ್ದಾಗ ನಾನು ಪಕ್ಕದಲ್ಲಿ ಕೂತು, "ಹಕ್ಕಿ ಒಂದೂ ಇಲ್ಲ, ಇದನ್ನ ಯಾರು ತಿಂದ್ರು ಗಂಗಮ್ಮ?" ಅಂದೆ.

ಅವರು ತಲೆ ಎತ್ತಲಿಲ್ಲ. "ಆಮೆ ತಿಂದದ್ದು. ಬಲೇಲಿ ಸಿಕ್ಕಾಕ್ಕಂಡ ಮೀನ ಆಮೆ ಬಂದು ಕಚ್ಚಿ ಕಚ್ಚಿ ತಿಂತದೆ. ನೀರ್ಕಾಗೆ ಇಡೀ ಮೀನ ನುಂಗ್ತದೆ ಮೇಡಮ್ನೋರೆ. ಕಚ್ಚಕೆ ಅದರ ಬಾಯಾಗೆ ಅಲ್ಲು ಎಲ್ಲೈತೆ?"

ತಲೆಯ ಮೇಲೆ ಹೊಡೆದ ಹಾಗಾಯಿತು. ಹಕ್ಕಿಗೆ ಹಲ್ಲಿಲ್ಲ ಎಂಬುದು ಅಂಗನವಾಡಿ ಮಗುವಿಗೂ ಗೊತ್ತು. ಪದವಿ ಪಡೆದು, ಫೋಟೋ ತೆಗೆದು, ಆರು ಪುಟ ಬರೆದ ನನಗೆ ಹೊಳೆದಿರಲಿಲ್ಲ. ಆಮೆಗೂ ಹಲ್ಲಿಲ್ಲ ಅನ್ನಿ, ಆದರೆ ಅದರ ಬಾಯಿ ಕತ್ತರಿ ಇದ್ದಂತೆ.

"ಆಗ್ಲೇ ಯಾಕೆ ಹೇಳ್ಲಿಲ್ಲ?" ಅಂದೆ.

"ನೀವು ಕೇಳಿದ್ರಾ? ಫೋಟೋ ತಕ್ಕಂಡು ಓದ್ರಿ. ಮರಿ ಜಾಸ್ತಿ ಕೊಡ್ತಾರೆ ಅಂತ ಗಂಡಸ್ರೂ ಸುಮ್ಕಾದ್ರು."

ಇನ್ನೊಂದನ್ನು ನಾನೇ ನೋಡಬೇಕಿತ್ತು. ಹಕ್ಕಿ ತಿನ್ನುವುದಾದರೂ ಏನನ್ನು? ಆ ಮಳೆಗಾಲದಲ್ಲಿ ಪಟಾಕಿಗೂ ಜಗ್ಗದ ಕೆಲವು ಜೋಡಿ ವಾಪಸ್ ಬಂದು ಕೆರೆಯ ನಡುಗಡ್ಡೆಯ ಜಾಲಿಮರದಲ್ಲಿ ಗೂಡು ಕಟ್ಟಿದ್ದವು. ಕೆಂಪಣ್ಣ ನನ್ನನ್ನು ಹರಿಗೋಲಿನಲ್ಲಿ ಕರೆದುಕೊಂಡು ಹೋದರು. ನೀರುಕಾಗೆಯ ಮರಿಗಳಿಗೆ ಒಂದು ಗುಣವಿದೆ. ಯಾರಾದರೂ ಮರದ ಕೆಳಗೆ ಬಂದರೆ ಭಯಕ್ಕೆ, ತಿಂದದ್ದನ್ನೆಲ್ಲ ಕಕ್ಕಿಬಿಡುತ್ತವೆ. ನಾನು ಬಗ್ಗಿ ಆರಿಸುತ್ತಿದ್ದೆ, ಕೆಂಪಣ್ಣ ನನ್ನ ತಲೆಯ ಮೇಲೆ ಕೊಡೆ ಹಿಡಿದಿದ್ದರು. ಆದರೂ ಸೀರೆಯೆಲ್ಲ ಹಿಕ್ಕೆ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೊನೆಯ ಸ್ಟಾಪಿನವರೆಗೂ ಖಾಲಿಯೇ ಇತ್ತು. ಹೀಗೆ ಒಂದು ವಾರ. ಪ್ರತಿ ದಿನವೂ ಬಕೆಟ್ಟಿನಲ್ಲಿ ಬಿದ್ದದ್ದು ಹೆಚ್ಚಾಗಿ ಜಿಲೇಬಿ ಮರಿ, ಇಲ್ಲವೇ ಯಾರೂ ಕೊಳ್ಳದ ಸಣ್ಣ ಪಕ್ಕೆ ಮೀನು. ಕಾಟ್ಲಾ ಅಲ್ಲೊಂದು ಇಲ್ಲೊಂದು. ಹಕ್ಕಿ ನಮ್ಮ ಮೀನು ತಿನ್ನುವುದೇ ಇಲ್ಲ ಎಂದರೂ ಸುಳ್ಳು. ಆದರೆ ಅದು ತಿನ್ನುತ್ತಿದ್ದದ್ದು ಬಹುಪಾಲು ನಮ್ಮ ಮೀನಿನ ಮೇವು ಕದಿಯುವ ಮೀನನ್ನು. ನಾವು ಮನೆ ಕಾಯುವ ನಾಯಿಗೆ ಕಲ್ಲು ಹೊಡೆದು ಓಡಿಸಿದ್ದೆವು.

ಬಕೆಟ್ಟು ನೋಡಿ ಕೆಂಪಣ್ಣನಿಗೂ ಅರ್ಥವಾಯಿತು. ಮೊದಲ ಸಲ ಅವರ ದನಿ ಸಣ್ಣದಾಯಿತು. "ಇದ್ನ ಬರೀತೀರಾ ಮೇಡಮ್ನೋರೆ? ಸರ್ಕಾರದಿಂದ ಕಾಗದ ಬರೋಗಂಟ ಸಂಘದೋರು ಪಟಾಕಿ ನಿಲ್ಸಾಕಿಲ್ಲ. ಇಂಗೇ ಆದ್ರೆ ನಮ್ಮಂಥೋರು ಬಾಳದು ಕಷ್ಟ."

"ಬರೀದೆ ಇರ್ತೀನಾ ಕೆಂಪಣ್ಣ," ಅಂದೆ.

ಬರೆದೆ ಕೂಡ. ಒಂದೇ ಹಾಳೆ. ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಸೀಮಾ ಅವ್ರೆ, ಹಳೇ ವರದಿಗೆ ನಾನು ಸೈನ್ ಹಾಕಿದೀನಿ, ನನ್ನ ಮೇಲಿನವರೂ ಹಾಕಿದಾರೆ. ಈಗ ತಪ್ಪು ಅಂದ್ರೆ ಮೂರು ಜನಕ್ಕೂ ನೋಟೀಸು. ಮುಂದಿನ ತಿಂಗಳು ಮಗಳ ಮದುವೆ ಇಟ್ಕೊಂಡಿದೀನಿ. ಸ್ವಲ್ಪ ದಿನ ಬಿಟ್ಟು ಕೊಡಿ, ನೋಡೋಣ." ಕೆಟ್ಟ ಮನುಷ್ಯರಲ್ಲ. ನನ್ನ ಹೆರಿಗೆಯ ಸಮಯದಲ್ಲಿ ತಮ್ಮ ಸ್ಕೂಟರಿನಲ್ಲೇ ಆಸ್ಪತ್ರೆಗೆ ಊಟ ತಂದುಕೊಟ್ಟವರು. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಮದುವೆ ಮುಗಿಯಿತು. ನಾನೂ ಹೋಗಿ ಉಂಡು ಬಂದೆ. ಅಷ್ಟರಲ್ಲಿ ನನಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಹಾಳೆ ಬ್ಯಾಗಿನಿಂದ ಬೀರುವಿಗೆ ಹೋಯಿತು. ಸಾಹೇಬರನ್ನು ದೂರಿ ಪ್ರಯೋಜನವಿಲ್ಲ. ಆಮೇಲೆ ಬಂದ ಯಾವ ಸಾಹೇಬರೂ ಬೇಡ ಅಂದಿರಲಿಲ್ಲ, ನಾನೇ ಕೊಡಲಿಲ್ಲ. ನನಗೂ ನೋಟೀಸಿನ ಭಯವಿತ್ತು.

ಮುಂದಿನ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಮೊದಲು ಚೀಟಿಯಲ್ಲಿ ಬರೆದು, ರಿಜಿಸ್ಟರಿಗೆ ಇಳಿಸಿ, ಟೈಪಿಸ್ಟ್ ಹತ್ತಿರ ಗೋಗರೆಯಬೇಕಿತ್ತು. ಈಗ ಕೆರೆಯ ದಡದಲ್ಲಿ ನಿಂತು ಫೋನಿನಲ್ಲಿ ಫೋಟೋ ಹೊಡೆದರೆ ಜಾಗ, ಹೊತ್ತು ಎಲ್ಲ ತಾನೇ ಸೇರಿಕೊಳ್ಳುತ್ತದೆ. ಒಳ್ಳೆಯದೇ. ಆದರೆ ಚೈತ್ರಾ, ನಾನು ತೆಗೆದ ಆ ಫೋಟೋದಲ್ಲೂ ಜಾಗ, ಹೊತ್ತು ಎಲ್ಲ ಸರಿಯಾಗಿಯೇ ಇತ್ತು.

ನಿವೃತ್ತಿಗೆ ಆರು ತಿಂಗಳಿದ್ದಾಗ ನನ್ನನ್ನು ಅದೇ ಕೆರೆಗಳಿಗೆ ಮತ್ತೆ ಹಾಕಿದರು. ಹೋಗಿ ನೋಡಿದರೆ ರಾಗಿ ಹೊಲದ ಜಾಗದಲ್ಲಿ ಲೇಔಟು, ಏರಿಯ ಮೇಲೆ ನಡೆಯುವ ಹಾದಿ, ಕಬ್ಬಿಣದ ಬೇಲಿ. ಸದ್ದಿಗೆ ನಿದ್ದೆ ಕೆಡುತ್ತದೆ ಎಂದು ಲೇಔಟಿನವರು ಜಗಳ ತೆಗೆದ ಮೇಲೆ ಪಟಾಕಿ ನಿಂತು ಕೆಲವು ವರ್ಷವಾಗಿತ್ತು. ಹಕ್ಕಿಗಳು ತಾವಾಗಿ ವಾಪಸ್ ಬಂದಿದ್ದವು. ಅವು ಬಂದ ಮೇಲೆ ಕಾಟ್ಲಾ ಮೈ ತುಂಬಿಕೊಂಡಿತ್ತು. ಮುನಿಯಪ್ಪನ ಕೂದಲು ಬೆಳ್ಳಗಾಗಿತ್ತು. ಬಲೆ ಹಾಕುವ ಮನೆಗಳು ನಾಲ್ಕು ಉಳಿದಿದ್ದವು. ಜಿಲೇಬಿ ಕಾಲದಲ್ಲಿ ಹೊಟ್ಟೆ ತುಂಬದೆ ಮಿಕ್ಕವರೆಲ್ಲ ಬಲೆ ಬಿಟ್ಟಿದ್ದರು. ಕೆಂಪಣ್ಣ ಎಲ್ಲಿ ಅಂತ ಕೇಳಿದೆ. "ಅವನು ಅರಿಗೋಲು ಮಾರಿ ಓದ," ಎಂದಷ್ಟೇ ಅಂದರು.

ಆ ನಾಲ್ಕು ಮನೆಗೂ ಈಗ ಕುತ್ತು ಬಂದಿತ್ತು. ಕೆರೆಯಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸಬೇಕು ಎಂದು ವಾಕಿಂಗ್ ಮಾಡುವವರ ಸಂಘ ಅರ್ಜಿ ಕೊಟ್ಟಿತ್ತು. ಅದರ ಮುಂದಾಳು ರಾಯರು, ವಿದ್ಯಾರಣ್ಯಪುರದ ನಿವೃತ್ತ ಮೇಷ್ಟ್ರು. ದಿನಾ ಬೆಳಿಗ್ಗೆ ದುರ್ಬೀನು ಹಿಡಿದು ಬರುವವರು. ಒಮ್ಮೆ ಮೀನಿನ ಬಲೆಗೆ ಸಿಕ್ಕು ನೀರಿನಲ್ಲಿ ಉಸಿರುಗಟ್ಟಿ ಸತ್ತ ನೀರುಕಾಗೆಯ ಫೋಟೋ ತೆಗೆದಿದ್ದರು. ಅವರ ದುಃಖ ಸುಳ್ಳಲ್ಲ. ಆದರೆ ಅರ್ಜಿಯ ಜೊತೆ ಮಾಹಿತಿ ಹಕ್ಕಿನಲ್ಲಿ ಪಡೆದ ಒಂದು ಹಳೆಯ ಕಾಗದವಿತ್ತು. ಆರು ಪುಟ. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ.

ನಾನು ಬೆಸ್ತರಿಗೆ ಒಳ್ಳೆಯದಾಗಲಿ ಎಂದು ಬರೆದ ಸಾಲೇ ಅವರನ್ನು ಕೆರೆಯಿಂದ ಎಬ್ಬಿಸಲು ಬಂದಿತ್ತು. ಎರಡೂ ಒಟ್ಟಿಗೆ ಸಾಗಲಾರವು ಎಂದರೆ, ಈ ಕಾಲದಲ್ಲಿ ಜನ ಹಕ್ಕಿಯ ಪರ ನಿಲ್ಲುತ್ತಾರೆ. ಕಚೇರಿಯಲ್ಲಿ ಒಬ್ಬರು, "ಮೇಡಂ, ಆರು ತಿಂಗಳು ಬಾಯಿ ಮುಚ್ಕೊಂಡಿದ್ರೆ ಪಿಂಚಣಿ ತಗೊಂಡು ಆರಾಮಾಗಿ ಹೋಗ್ತೀರಿ," ಅಂದರು. ಆ ರಾತ್ರಿ ನಮ್ಮೆಜಮಾನರಿಗೆ ಹೇಳಿದೆ. ಅವರು ತಟ್ಟೆಯಿಂದ ಕೈ ತೆಗೆಯದೆ, "ಬೀರುವಿನಲ್ಲಿರೋ ಹಾಳೆ ಹುಳ ತಿಂದಿದ್ಯೋ ಏನೋ ನೋಡು," ಅಂದರು. ತಿಂದಿರಲಿಲ್ಲ.

ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಮೇಜಿನ ನಡುವೆ ಕೂತಿದ್ದರು. ಒಂದು ಕಡೆ ರಾಯರ ಸಂಘ, ಇನ್ನೊಂದು ಕಡೆ ಮುನಿಯಪ್ಪ, ಗಂಗಮ್ಮ. ರಾಯರು ನನ್ನ ವರದಿಯನ್ನು ಗಟ್ಟಿಯಾಗಿ ಓದಿದರು. ಮೇಷ್ಟ್ರ ಕಂಠ, ನನ್ನ ಭಾಷೆ ಇನ್ನೂ ಚೆನ್ನಾಗಿ ಕೇಳಿಸಿತು. ಮುಗಿದ ಮೇಲೆ ನಾನು ಎದ್ದು, "ಅದನ್ನ ಬರೆದವಳು ನಾನೇ ಸರ್. ಅದು ತಪ್ಪು," ಅಂದೆ.

"ತಪ್ಪು ಅಂದ್ರೆ? ಸುಳ್ಳು ವರದಿ ಕೊಟ್ಟಿದ್ರಾ?" ಎಂದರು ಅಧಿಕಾರಿ.

"ಸುಳ್ಳು ಹೇಳ್ಬೇಕು ಅಂತ ಬರೀಲಿಲ್ಲ. ವಿಚಾರಿಸದೆ ಬರೆದೆ. ಹಕ್ಕಿ ಮೇಲೆ ಸಿಟ್ಟಿತ್ತು, ಸಿಟ್ಟಿಗೆ ಸಾಕ್ಷಿ ಹುಡುಕಿದೆ." ಬೀರುವಿನ ಹಾಳೆಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ: ತೂಬಿನ ಹತ್ತಿರದ ಪೆದ್ದುತನ, ಆಮೆ, ಕೊಡೆ, ಬಕೆಟ್ಟು, ಜಿಲೇಬಿ. ಸಂಘದ ಹಳೆಯ ಪುಸ್ತಕ ತರಿಸಿದೆ. ಹಕ್ಕಿ ಇಲ್ಲದ ವರ್ಷಗಳಲ್ಲಿ ಕಾಟ್ಲಾ ಸೊರಗಿದ್ದು, ಬಂದ ಮೇಲೆ ತುಂಬಿಕೊಂಡಿದ್ದು ಅದರಲ್ಲಿತ್ತು.

ರಾಯರು ತಮ್ಮ ಫೋಟೋವನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿ, "ಆದ್ರೆ ಬಲೇಲಿ ಸತ್ತ ಹಕ್ಕಿ?" ಅಂದರು.

ಉತ್ತರ ಕೊಟ್ಟದ್ದು ಗಂಗಮ್ಮ. "ಸಾಮಿ, ಒತ್ತು ಉಟ್ಟಕ್ ಮುಂಚೆ ಬಲೆ ಎತ್ತಿಬುಟ್ರೆ ಒಂದೂ ಸಾಯಾಕಿಲ್ಲ. ಅವು ಬೆಳಕಾದ ಮ್ಯಾಲೆ ಮುಳುಗ್ತವೆ. ಇವತ್ತು ಎತ್ತಾನ, ನಾಳೆ ಎತ್ತಾನ ಅಂತ ಸೋಂಬೇರಿತನ ಮಾಡ್ದೋರು ನಮ್ಮೋರೇ. ಏಳ್ಕೊಡಿ, ಮಾಡ್ತಾರೆ." ಮುನಿಯಪ್ಪ ಹೆಂಡತಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ರಾಯರು ಆ ಮಾತನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಗುತ್ತಿಗೆ ಉಳಿಯಿತು. ಗೂಡು ಕಟ್ಟುವ ತಿಂಗಳಲ್ಲಿ ನಡುಗಡ್ಡೆಯ ಹತ್ತಿರ ಬಲೆ ಇಲ್ಲ, ಸೂರ್ಯ ಹುಟ್ಟುವ ಮೊದಲು ಬಲೆ ಮೇಲೆ, ಮೀನುಮರಿ ಬಿಡುವುದು ಸಂಜೆ, ನಾಲ್ಕಾರು ಕಡೆ. ನನಗೆ ನೋಟೀಸೂ ಬಂತು. ಉತ್ತರ ಕೊಟ್ಟೆ, ಒಂದು ಎಚ್ಚರಿಕೆಯ ಪತ್ರದಲ್ಲಿ ಮುಗಿಯಿತು. ಇಷ್ಟೂ ವರ್ಷ ಹೆದರಿದ್ದು ಆ ಅರ್ಧ ಪುಟದ ಕಾಗದಕ್ಕೆ.

ಸಭೆಯ ಹೊರಗೆ ಮುನಿಯಪ್ಪ ನನಗಾಗಿ ಕಾಯುತ್ತಿದ್ದರು. ಕೈ ಮುಗಿಯುತ್ತಾರೆ ಅಂದುಕೊಂಡೆ. ಅವರು, "ಆ ಆಳೆ ಆವಾಗ್ಲೇ ಬರ್ದಿದ್ರಾ?" ಅಂತ ಕೇಳಿದರು.

"ಹೂಂ."

"ಆವಾಗ್ಲೇ ಕೊಟ್ಟಿದ್ರೆ ನನ್ ತಮ್ಮ ಕೆರೆ ಬುಡ್ತಿರ್ಲಿಲ್ಲ." ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಬಸ್ ಸ್ಟಾಪಿನ ಕಡೆ ನಡೆದರು.

ಕೆಂಪಣ್ಣ ಎಲ್ಲಿದ್ದಾರೆ ಎಂದು ಗಂಗಮ್ಮನನ್ನು ಕೇಳಿ ತಿಳಿದುಕೊಂಡು, ಮರುವಾರ ಹೋದೆ. ವಿದ್ಯಾರಣ್ಯಪುರದ ಒಂದು ಅಪಾರ್ಟ್‌ಮೆಂಟಿನ ಗೇಟು. ವಾಚ್‌ಮನ್ನಿನ ನೀಲಿ ಅಂಗಿ, ಸೊಂಟಕ್ಕೆ ಸಡಿಲವಾದ ಬೆಲ್ಟು. ನನ್ನನ್ನು ಗುರುತು ಹಿಡಿದು ಎದ್ದು, ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಕೊಟ್ಟರು. ನಾನು ಕೂರಲಿಲ್ಲ.

"ಕೆಂಪಣ್ಣ, ಅವತ್ತು ಬರೀತೀನಿ ಅಂದಿದ್ದೆ. ಬರೆದೆ. ಕೊಡ್ಲಿಲ್ಲ. ಹೆದರಿಕೊಂಡೆ. ಹೋದ ವಾರ ಕೊಟ್ಟೆ. ನಿಮಗೆ ತಡವಾಯ್ತು, ತಪ್ಪಾಯ್ತು."

ಅವರು ಗೇಟಿನ ಸರಳು ಹಿಡಿದು ನಿಂತಿದ್ದರು. ಇಡೀ ಕೆರೆಗೆ ಆಗುವಷ್ಟು ಮಾತಾಡುತ್ತಿದ್ದ ಮನುಷ್ಯ. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಕೇಳಿದ್ದು ಇಷ್ಟೇ, "ಈ ಸಲ ಕಾಟ್ಲಾ ಎಷ್ಟುದ್ದ ಬಂದವೆ ಮೇಡಮ್ನೋರೆ?"

ನಾನು ಕೈಚೀಲವನ್ನು ಕುರ್ಚಿಯ ಮೇಲಿಟ್ಟು ಎರಡೂ ಕೈ ಅಗಲಿಸಿ ತೋರಿಸಿದೆ. ಅವರು ಹತ್ತಿರ ಬಂದು, ನನ್ನ ಬಲಗೈಯನ್ನು ಇನ್ನೊಂದಿಷ್ಟು ಆಚೆಗೆ ಸರಿಸಿ, "ಇಷ್ಟು ಬತ್ತಿದ್ವು, ನಾನಿದ್ದಾಗ," ಅಂದರು. ಅಷ್ಟರಲ್ಲಿ ಒಂದು ಕಾರು ಬಂದು ಹಾರ್ನ್ ಹೊಡೆಯಿತು. ಅವರು ಗೇಟು ತೆಗೆಯಲು ಹೋದರು. ನಾನು ಕೈ ಇಳಿಸದೆ ಹಾಗೇ ನಿಂತಿದ್ದೆ.